ಚಾಂದನಿಯ ಹೊಟ್ಟೆಗೆ ಕಿವಿಗೊಟ್ಟ ಪಾರವ್ವ

ಬೆಳಗಿನ ಐದೂ ಮುಕ್ಕಾಲು. ಯಶವಂತಪುರದ ರೈಲು ಹಳಿಗೆ ಬೆನ್ನು ಕೊಟ್ಟ ಓಣಿಯ ತುದಿಯಲ್ಲಿ ತಗಡಿನ ಸೂರಿನ ಲಾಯ. ಒಳಗೆ ಮದುವೆ ಮೆರವಣಿಗೆಯ ಮೂರು ಬಿಳಿ ಕುದುರೆಗಳು. ಎರಡು ಹುಲ್ಲು ಮೇಯುತ್ತಿವೆ. ಮೂರನೆಯದಾದ ಚಾಂದನಿ ಮೇವಿನ ಕಡೆ ತಿರುಗಿಯೂ ನೋಡುತ್ತಿಲ್ಲ. ಮತ್ತೆ ಮತ್ತೆ ಕತ್ತು ಹೊರಳಿಸಿ ತನ್ನ ಪಕ್ಕೆಯನ್ನೇ ನೋಡಿಕೊಳ್ಳುತ್ತಿದೆ, ಮುಂಗಾಲಿನಿಂದ ನೆಲ ಕೆರೆಯುತ್ತಿದೆ. ಅದರ ಹೊಟ್ಟೆಗೆ ಸ್ಟೆತಾಸ್ಕೋಪ್ ಒತ್ತಿ ಹಿಡಿದು, ಕಣ್ಣು ಮುಚ್ಚಿ ನಿಂತಿದ್ದಾರೆ ಪಾರವ್ವ. ವಯಸ್ಸು ನಲವತ್ತೆಂಟು. ಹತ್ತಿ ಸೀರೆಯ ಮೇಲೆ ಗಂಡನ ಹಳೆಯ ಖಾಕಿ ಅಂಗಿ, ಕಾಲಿಗೆ ಗಮ್‌ಬೂಟು, ಹಣೆ ತುಂಬ ಕುಂಕುಮ.

ಎಡಗಡೆ ಮೇಲೆ, ಎಡಗಡೆ ಕೆಳಗೆ, ಬಲಗಡೆ ಮೇಲೆ, ಬಲಗಡೆ ಕೆಳಗೆ. ಒಂದೊಂದು ಕಡೆಯೂ ಪೂರಾ ಒಂದು ನಿಮಿಷ ಕೇಳಬೇಕು. ಯಾರೂ ಉಸಿರೆತ್ತದಂತೆ ಒಂದು ಬೆರಳು ಮೇಲೆತ್ತಿ ಹಿಡಿದಿದ್ದಾರೆ. ಮೂರನೆಯ ಜಾಗಕ್ಕೆ ಬರುವ ಹೊತ್ತಿಗೆ ಗೂಡ್ಸ್ ರೈಲೊಂದು ಧಡಧಡನೆ ಹಾದುಹೋಗುತ್ತದೆ. ಪಾರವ್ವ ಅದಕ್ಕೊಂದು ಬೈಗುಳ ಕೊಟ್ಟು, ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ.

"ಕುದುರಿ ಹೊಟ್ಟಿ ಯಾವಾಗ್ಲೂ ಮಾತಾಡ್ತಿರಬೇಕ್ರಿ. ಗುಡುಗುಡು ಅಂತಿದ್ರ ನಾವು ಆರಾಮ. ಸುಮ್ಮನಾತು ಅಂದ್ರ ಚಿಂತಿ ಮಾಡಬೇಕು" ಎನ್ನುತ್ತಾರೆ. ಬೆಂಗಳೂರಿಗೆ ಬಂದು ಇಪ್ಪತ್ತೇಳು ವರ್ಷವಾದರೂ ಅವರ ನಾಲಿಗೆ ನವಲಗುಂದವನ್ನು ಬಿಟ್ಟಿಲ್ಲ, ಬಿಡುವ ಲಕ್ಷಣವೂ ಇಲ್ಲ. ಚಾಂದನಿಯ ಹೊಟ್ಟೆ ಎಡಗಡೆ ಪೂರ್ತಿ ಸುಮ್ಮನಾಗಿದೆ. ಬಲಗಡೆ ಎಲ್ಲೋ ಒಂದು ಸಣ್ಣ ಸದ್ದು. ನಿನ್ನೆ ರಾತ್ರಿಯಿಂದ ಅದು ಲದ್ದಿ ಹಾಕಿಲ್ಲ.

ಕುದುರೆಯ ಒಡತಿ ನಸೀಮಾ ಗೋಡೆಗೆ ಒರಗಿ ನಿಂತಿದ್ದಾರೆ. ಮಾವನ ಕಾಲದಿಂದ ಬಂದ ಕಸುಬು, ಗಂಡ ತೀರಿಕೊಂಡ ಮೇಲೆ ಅವರೇ ನಡೆಸುತ್ತಿದ್ದಾರೆ. ಮೂರರಲ್ಲಿ ಚಾಂದನಿಯೇ ಮನೆಯ ಆಧಾರ. ಬ್ಯಾಂಡು ಬಾರಿಸಲಿ, ಪಟಾಕಿ ಹೊಡೆಯಲಿ, ಮೈಮೇಲೆ ಕೂತ ಮದುಮಗ ಹೆದರಿ ಕೂಗಿಕೊಳ್ಳಲಿ, ಅದು ಕಿವಿ ಕೂಡ ಅಲ್ಲಾಡಿಸುವುದಿಲ್ಲ. ಅಂಥ ಕುದುರೆ ಸಿಗುವುದು ಅಪರೂಪ.

"ಅಕ್ಕಾ, ಒಂಚೂರು ಎಣ್ಣೆ ಕುಡಿಸೋಣ್ವಾ? ನಮ್ಮ ಮಾವ ಇದ್ದಾಗ ಅದೇ ಮಾಡ್ತಿದ್ರು" ಎಂದು ನಸೀಮಾ ಕೇಳುತ್ತಾರೆ.

"ಬಾಯಿಗೆ ಒಂದು ಹನಿ ನೀರೂ ಬ್ಯಾಡ" ಎಂದು ಪಾರವ್ವ ತಿರುಗಿ ನೋಡುತ್ತಾರೆ. ಆ ನೋಟಕ್ಕೆ ನಸೀಮಾ ಎಣ್ಣೆಯ ಡಬ್ಬಿಯನ್ನು ಹಿಂದಕ್ಕೆ ಸರಿಸುತ್ತಾರೆ. "ಡಾಕ್ಟರಮ್ಮಗ ಫೋನ್ ಮಾಡೇನಿ. ಅವರು ಬರೂತನಕ ಹಗೂರ ನಡಸೂದು, ಬಿದ್ದು ಹೊರಳಾಡಾಕ ಬಿಡದಂಗ ನೋಡ್ಕೊಳ್ಳೂದು. ಇಷ್ಟ ನಮ್ಮ ಕೆಲಸ."

ಪಾರವ್ವ ವೈದ್ಯೆಯಲ್ಲ, ತಾನು ವೈದ್ಯೆ ಎಂದು ಹೇಳಿಕೊಳ್ಳುವವರೂ ಅಲ್ಲ. ಪಶುವೈದ್ಯೆ ಡಾ. ಸಂಯುಕ್ತಾ ಮತ್ತು ಅವರ ಕೆಲವು ಗೆಳೆಯರು ಸೇರಿ ನಡೆಸುವ ಸಂಚಾರಿ ಚಿಕಿತ್ಸಾ ವ್ಯಾನಿನ ಸಹಾಯಕಿ ಅವರು, ಚಾಲಕಿಯೂ ಅವರೇ. ಗಾಯಕ್ಕೆ ಮದ್ದು ಕಟ್ಟುವುದು, ಜ್ವರ ನೋಡುವುದು, ಬೆಳೆದ ಗೊರಸು ಕತ್ತರಿಸುವುದು, ಯಾವ ಪ್ರಾಣಿಗೆ ಏನು ಮೇವು ಎಷ್ಟು ಹಾಕಬೇಕೆಂದು ಹೇಳುವುದು ಅವರ ಕೆಲಸ. ಸೂಜಿ ಚುಚ್ಚುವುದು ವೈದ್ಯರು ಹೇಳಿದಾಗ ಮಾತ್ರ. ಹನ್ನೆರಡು ವರ್ಷಗಳಿಂದ ಯಲಹಂಕದ ಹಳೇ ಊರಿನಿಂದ ಪ್ರತಿದಿನ ಹೊರಡುವ ಈ ವ್ಯಾನು ಸರಾಸರಿ ಅರವತ್ತು ಕಿಲೋಮೀಟರ್ ಓಡುತ್ತದೆ, ಇಪ್ಪತ್ತರಿಂದ ಇಪ್ಪತ್ತೈದು ಪ್ರಾಣಿಗಳನ್ನು ನೋಡುತ್ತದೆ. ಪಾರವ್ವನ ಫೋನಿಗೆ ಬರುವ ಕರೆಗಳಿಗೆ ಲೆಕ್ಕವಿಲ್ಲ. ಫೋನಿನಲ್ಲಿ ದನದ ಕೆಮ್ಮು ಕೇಳಿಸುವವರೂ ಇದ್ದಾರೆ.

"ನನಗೇನು ಬರ್ತೈತಿ ಅನ್ನೂದಕ್ಕಿಂತ ಏನು ಬರೂದಿಲ್ಲ ಅನ್ನೂದು ಚಂದಂಗ ಗೊತ್ತೈತ್ರಿ" ಎನ್ನುತ್ತಾರೆ ಪಾರವ್ವ. ಈ ತಿಳಿವಳಿಕೆ ಅವರಿಗೆ ಪುಕ್ಕಟೆ ಬಂದದ್ದಲ್ಲ.

ಅವರ ತಂದೆ ನವಲಗುಂದದ ಹತ್ತಿರದ ಹಳ್ಳಿಯಲ್ಲಿ ಸುತ್ತಲಿನ ಊರುಗಳ ಎತ್ತು, ಎಮ್ಮೆಗಳಿಗೆ ನಾಟಿ ಮದ್ದು ಮಾಡುತ್ತಿದ್ದರು. ಹಗ್ಗ ಹಿಡಿದು ನಿಲ್ಲುತ್ತಿದ್ದವಳು ಮಗಳು. ಇಪ್ಪತ್ತೊಂದನೇ ವಯಸ್ಸಿಗೆ ಮದುವೆಯಾಗಿ, ಬಿಡಿಭಾಗಗಳ ಕಾರ್ಖಾನೆಯಲ್ಲಿದ್ದ ಗಂಡ ಶಿವಪ್ರಕಾಶರ ಜೊತೆ ಯಲಹಂಕಕ್ಕೆ ಬಂದರು. ಕೆಲವು ವರ್ಷಗಳ ನಂತರ ಹೆಸರಘಟ್ಟದ ಕಡೆ ಒಂದು ಖಾಸಗಿ ಕುದುರೆ ಲಾಯದಲ್ಲಿ ಕಸ ಬಳಿಯುವ ಕೆಲಸ ಸಿಕ್ಕಿತು. ಎಂಟು ವರ್ಷ ಲದ್ದಿ ಎತ್ತಿದರು. ಎತ್ತುವಾಗ ಸುಮ್ಮನೆ ಎತ್ತಲಿಲ್ಲ, ನೋಡಿ ಎತ್ತಿದರು. ಯಾವುದು ಗಟ್ಟಿ, ಯಾವುದು ತೆಳು, ಯಾವ ಕುದುರೆ ಇವತ್ತು ಕಡಿಮೆ ಹಾಕಿದೆ ಎಂಬುದೆಲ್ಲ ಅವರಿಗೆ ಬಾಯಿಪಾಠವಾಗಿತ್ತು. ಒಂದು ದಿನ ಕುದುರೆಗಳಿಗೆ ಚಿಕಿತ್ಸೆ ಮಾಡಲು ಬಂದ ಸಂಯುಕ್ತಾ ಅವರಿಗೆ, ಬಕೆಟ್ ಹಿಡಿದ ಈ ಹೆಂಗಸು ದೂರದಿಂದಲೇ "ಆ ಕಂದು ಕುದುರಿ ಗೊರಸು ಬಿಸಿ ಐತ್ರಿ, ನಾಕು ದಿನದಿಂದ" ಎಂದು ಹೇಳಿದರು. ಮುಟ್ಟಿ ನೋಡಿದರೆ ನಿಜ.

ಸಂಯುಕ್ತಾ ಬಿಡಲಿಲ್ಲ. ಪಟ್ಟು ಹಿಡಿದು ಒಂದು ವರ್ಷದ ತರಬೇತಿಗೆ ಸೇರಿಸಿದರು, ವ್ಯಾನು ಓಡಿಸುವುದನ್ನೂ ಕಲಿಸಿದರು. ಮೂವತ್ತಾರನೇ ವಯಸ್ಸಿನಲ್ಲಿ ಸ್ಟೇರಿಂಗ್ ಹಿಡಿದ ಪಾರವ್ವ ಮೊದಲ ವಾರವೇ ಲಾಯದ ಗೇಟನ್ನು ಕಿತ್ತು ಹಾಕಿದ್ದನ್ನು ಇಬ್ಬರೂ ಇವತ್ತಿಗೂ ಹೊಟ್ಟೆ ಹಿಡಿದುಕೊಂಡು ನೆನೆಯುತ್ತಾರೆ.

ಆದರೆ ನೆನೆದರೆ ನಗು ಬಾರದ ಸಂಗತಿಯೂ ಒಂದಿದೆ. ವ್ಯಾನು ಹತ್ತಿದ ಹೊಸತರಲ್ಲಿ, ಒಂದು ಬೆಳಿಗ್ಗೆ, ಹೊಟ್ಟೆನೋವಿನಿಂದ ಒದ್ದಾಡುತ್ತಿದ್ದ ಮುದಿ ಕುದುರೆಯೊಂದರ ಮುಂದೆ ಪಾರವ್ವ ಒಬ್ಬರೇ ಇದ್ದರು. ಡಾಕ್ಟರು ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದಿದ್ದರು. ಕುದುರೆ ನರಳುವುದನ್ನು ನೋಡಲಾಗದೆ, ಪಾರವ್ವ ತಂದೆ ಎತ್ತುಗಳಿಗೆ ಮಾಡುತ್ತಿದ್ದುದನ್ನೇ ಮಾಡಿದರು. ಬಿದಿರಿನ ಗೊಟ್ಟದಲ್ಲಿ ಎಣ್ಣೆ ತುಂಬಿ, ಕುದುರೆಯ ತಲೆ ಎತ್ತಿ ಹಿಡಿದು ಬಾಯಿಗೆ ಹೊಯ್ದರು. ಎಣ್ಣೆ ಹೊಟ್ಟೆಗೆ ಇಳಿಯುವ ಬದಲು ಶ್ವಾಸಕೋಶಕ್ಕೆ ಇಳಿಯಿತು. ಮೂರನೇ ದಿನ ಕುದುರೆ ಸತ್ತಿತು.

"ಯಾರೂ ನೋಡಿದ್ದಿಲ್ಲ. ಹೇಳದ ಇದ್ರ ಯಾರಿಗೂ ಗೊತ್ತಾಗ್ತಿದ್ದಿಲ್ಲ. ಆದ್ರ ನಾನ ಡಾಕ್ಟರಮ್ಮನ ಮುಂದ ನಿಂತು, ‘ನಾನ ಕುಡಿಸಿದೆ, ನಾಳಿಂದ ಬರೂದಿಲ್ಲ’ ಅಂದೆ" ಎನ್ನುವಾಗ ಪಾರವ್ವನ ದನಿ ಈಗಲೂ ಕುಗ್ಗುತ್ತದೆ. ಸಂಯುಕ್ತಾ ಬೈದರಂತೆ, ಚೆನ್ನಾಗಿಯೇ ಬೈದರಂತೆ. ಆಮೇಲೆ, "ನಾಳೆ ಐದೂವರೆಗೆ ಬನ್ನಿ" ಎಂದರಂತೆ. ಗೊಟ್ಟ ಈಗಲೂ ವ್ಯಾನಿನಲ್ಲಿದೆ, ಆದರೆ ಕುದುರೆಯ ಲಾಯದ ಮುಂದೆ ಅದು ಹೊರಗೆ ಬರುವುದಿಲ್ಲ.

ಆರೂವರೆಗೆ ಸಂಯುಕ್ತಾ ಸ್ಕೂಟರಿನಲ್ಲಿ ಬಂದಿಳಿಯುತ್ತಾರೆ. ಚಾಂದನಿಯ ಮೂಗಿನಿಂದ ಹೊಟ್ಟೆಯವರೆಗೆ ಉದ್ದನೆಯ ಕೊಳವೆ ಇಳಿಸುತ್ತಾರೆ. ಪಾರವ್ವ ಕುದುರೆಯ ತಲೆಯನ್ನು ಎದೆಗವಚಿಕೊಂಡು, ಅದರ ಕಿವಿಯಲ್ಲಿ ಏನೋ ಗುಣುಗುಣಿಸುತ್ತಾರೆ. ಕೊಳವೆಯಿಂದ ಬುಸ್ಸೆಂದು ಗಾಳಿ ಹೊರಬರುತ್ತದೆ, ಹುಳಿ ನಾತ ಲಾಯ ತುಂಬುತ್ತದೆ. ಅದೇ ಕೊಳವೆಯಲ್ಲಿ ನೀರು, ಎಣ್ಣೆ ಒಳಗೆ ಹೋಗುತ್ತದೆ. ನೋವಿಗೊಂದು ಇಂಜೆಕ್ಷನ್.

"ಮಧ್ಯಾಹ್ನ ಎರಡು ಗಂಟೆ ಒಳಗೆ ಲದ್ದಿ ಹಾಕ್ಬೇಕು" ಎನ್ನುತ್ತಾರೆ ಸಂಯುಕ್ತಾ. "ಹಾಕ್ಲಿಲ್ಲ ಅಂದ್ರೆ ಲಾರಿಗೆ ಹತ್ತಿಸಿ ಸರ್ಜರಿಗೆ ಕರ್ಕೊಂಡು ಹೋಗ್ಬೇಕಾಗುತ್ತೆ ನಸೀಮಾ. ಅಷ್ಟು ದೂರ ಹೋದ್ರೆ ಉಳಿಯುತ್ತೆ ಅಂತ ನಾನು ಮಾತು ಕೊಡಕ್ಕಾಗಲ್ಲ."

ನಸೀಮಾ ಚಾಂದನಿಯ ಕತ್ತು ಸವರುತ್ತಾರೆ. ಏನಾಯಿತೆಂದು ಆಗ ಹೇಳುತ್ತಾರೆ.

ಕೆಲವು ಸಮುದಾಯಗಳ ಮದುವೆಗಳಲ್ಲಿ ಮದುಮಗ ಏರುವ ಕುದುರೆಗೆ ಅಕ್ಕತಂಗಿಯರು ನೆನೆಸಿದ ಕಡಲೆಬೇಳೆ ತಿನ್ನಿಸುವ ಪದ್ಧತಿ ಹಿಂದಿನಿಂದಲೂ ಇದೆ. ತಮ್ಮವನನ್ನು ಹೊರುವ ಪ್ರಾಣಿಯ ಹೊಟ್ಟೆ ತಣ್ಣಗಿರಲಿ ಎಂಬ ಒಳ್ಳೆಯ ಮನಸ್ಸು. ಈಗ ಈ ಕಡೆಯ ಮದುವೆಗಳಲ್ಲೂ ಫೋಟೋ ಚೆನ್ನಾಗಿ ಬರುತ್ತದೆಂದು ಎಲ್ಲರೂ ಕಲಿತಿದ್ದಾರೆ. ಅಕ್ಕ ಒಂದು ಬೊಗಸೆ, ತಂಗಿ ಒಂದು ಬೊಗಸೆ, ಚಿಕ್ಕಮ್ಮನ ಮಕ್ಕಳದ್ದು ನಾಲ್ಕು ಬೊಗಸೆ. ಲಗ್ನದ ದಿನಗಳಲ್ಲಿ ಒಂದೇ ಕುದುರೆ ಬೆಳಿಗ್ಗೆ ಒಂದು ಕಡೆ, ಸಂಜೆ ಇನ್ನೊಂದು ಕಡೆ ಹೋಗುತ್ತದೆ. ಬೇಳೆ ಹೊಟ್ಟೆಯಲ್ಲಿ ಉಬ್ಬಿ ಕೂರುತ್ತದೆ.

"ಪ್ರೀತಿಲೇ ತಿನ್ನಸ್ತಾರ್ರಿ, ಯಾರೂ ವಿಷ ಹಾಕೂದಿಲ್ಲ. ಆದ್ರ ಕುದುರಿಗೆ ವಾಂತಿ ಮಾಡಾಕ ಬರೂದಿಲ್ಲ. ಒಳಗ ಹೋದದ್ದು ಹಿಂದಿನ ಬಾಗಿಲದಿಂದನ ಹೋಗಬೇಕು" ಎಂದು ಪಾರವ್ವ ವಿವರಿಸುತ್ತಾರೆ.

ಐದು ವರ್ಷಗಳ ಹಿಂದೆ ಒಂದೇ ಲಗ್ನದ ಹಂಗಾಮಿನಲ್ಲಿ ಈ ಓಣಿಗಳ ಒಂಬತ್ತು ಕುದುರೆಗಳು ಹೀಗೆ ಮಲಗಿದವು. ತಿನ್ನಿಸಬೇಡಿ ಎಂದರೆ ಮದುವೆ ಮನೆಯವರಿಗೆ ಸಿಟ್ಟು, ಅಪಶಕುನ ನುಡಿದಳೆಂಬ ಆಪಾದನೆ. ಆಗ ಪಾರವ್ವ ಒಂದು ಉಪಾಯ ಮಾಡಿದರು. ಕೆಂಪು ಮಖಮಲ್ಲಿನ ಬಟ್ಟೆ ತಂದು, ಜರಿ ಅಂಚು ಕೊಟ್ಟು, ಕನ್ನಡಿ ಚೂರು ಹಚ್ಚಿ ಒಂದು ಚೀಲ ಹೊಲಿದರು. ಅದನ್ನು ಕುದುರೆಯ ಕತ್ತಿಗೆ, ಬಾಯಿಯ ಕೆಳಗೆ ಬರುವಂತೆ ಕಟ್ಟುವುದು. ನಾಲ್ಕೇ ಕಾಳು ಬಾಯಿಗೆ, ಉಳಿದ ಬೇಳೆಯೆಲ್ಲ ಚೀಲಕ್ಕೆ. ಶಾಸ್ತ್ರಕ್ಕೆ ಶಾಸ್ತ್ರವೂ ಆಯಿತು, ಫೋಟೋವೂ ಬಂತು, ಕುದುರೆಯೂ ಬದುಕಿತು. ಮರುದಿನ ಆ ಬೇಳೆ ನಸೀಮಾ ಮನೆಯ ಕೋಳಿಗಳ ಪಾಲು. ಇದುವರೆಗೆ ಪಾರವ್ವ ಮೂವತ್ತನಾಲ್ಕು ಚೀಲ ಹೊಲಿದು ಯಶವಂತಪುರ, ಆರ್.ಟಿ. ನಗರದ ಲಾಯಗಳಿಗೆ ಹಂಚಿದ್ದಾರೆ. ಕಳೆದ ಹಂಗಾಮಿನಲ್ಲಿ ಮಲಗಿದ್ದು ಎರಡೇ ಕುದುರೆ.

ನಿನ್ನೆ ಸಂಜೆ ಚಾಂದನಿಯ ಕತ್ತಿನಲ್ಲೂ ಚೀಲವಿತ್ತು. "ಮದುಮಗನ ಅಜ್ಜಿ ಕೈ ಮುಗಿದ್ಬಿಟ್ರು ಅಕ್ಕಾ" ಎಂದು ನಸೀಮಾ ಅಳುತ್ತಾರೆ. "‘ಇರೋನು ಒಬ್ಬನೇ ಮೊಮ್ಮಗ, ಚೀಲಕ್ಕೆ ಹಾಕಿದ್ರೆ ನನ್ ಮನಸ್ಸಿಗೆ ಸಮಾಧಾನ ಆಗಲ್ಲ ಕಣಮ್ಮ’ ಅಂದ್ರು. ಅಷ್ಟು ದೊಡ್ಡೋರು. ಇಲ್ಲ ಅನ್ನಕ್ಕೆ ನಂಗೆ ಬಾಯೇ ಬರ್ಲಿಲ್ಲ. ಚೀಲ ಬಿಚ್ಬಿಟ್ಟೆ."

ಪಾರವ್ವ ಬೈಯುವರೆಂದು ಎಲ್ಲರೂ ಕಾಯುತ್ತಿದ್ದಾರೆ. ಅವರು ಬೈಯುವುದಿಲ್ಲ. ನಸೀಮಾ ಅವರ ಕೈಗೆ ಹಗ್ಗ ಕೊಟ್ಟು, "ಹತ್ತು ನಿಮಿಷ ನಡಸು, ಹತ್ತು ನಿಮಿಷ ನಿಲ್ಲಸು. ಅತ್ತರ ನಡೀಕೋತ ಅಳು" ಎನ್ನುತ್ತಾರೆ. ವ್ಯಾನು ಹತ್ತುವ ಮುನ್ನ ಮಾತ್ರ ಒಂದು ಕ್ಷಣ ಬಾಗಿಲು ಹಿಡಿದು ನಿಲ್ಲುತ್ತಾರೆ. ಇಲ್ಲೇ ಇರಬೇಕೆಂದು ಮನಸ್ಸು ಎಳೆಯುತ್ತಿದೆ. ಆದರೆ ಸಂಜಯನಗರದಲ್ಲಿ ಕೃಷ್ಣಯ್ಯನವರ ಹಸು ಕಾಯುತ್ತಿದೆ, ಬಾಗಲೂರಿನಲ್ಲಿ ಇನ್ನೊಂದು ಕಾಯುತ್ತಿದೆ.

ಸಂಜಯನಗರದ ಅಪಾರ್ಟ್‌ಮೆಂಟುಗಳ ನಡುವೆ ಸಿಕ್ಕಿಕೊಂಡ ಹಳೆಯ ಕೊಟ್ಟಿಗೆ. ಕೃಷ್ಣಯ್ಯನವರ ಹಸು ಮೇವು ಬಿಟ್ಟಿದೆ. ಪಾರವ್ವ ಅದರ ಎಡಪಕ್ಕೆಗೆ ಮುಷ್ಟಿ ಒತ್ತಿ ನೋಡಿ, ರಸ್ತೆ ಬದಿಯ ಕಸದ ರಾಶಿಯತ್ತ ಕೈ ತೋರಿಸುತ್ತಾರೆ. ಬಿಟ್ಟ ಹಸು ಪ್ಲಾಸ್ಟಿಕ್ ತಿಂದಿರಬಹುದು, ಡಾಕ್ಟರು ಸಂಜೆ ಬಂದು ನೋಡುತ್ತಾರೆ, ಅಲ್ಲಿಯವರೆಗೆ ಕಟ್ಟಿ ಹಾಕಿ ಎನ್ನುತ್ತಾರೆ. ಹೊರಗೆ ಬಂದವರೇ ಫೋನು ತೆಗೆಯುತ್ತಾರೆ.

"ಹಾಕಿತೇನ ನಸೀಮಾ?"

ಇಲ್ಲ.

ಹೆಬ್ಬಾಳದ ಮೇಲ್ಸೇತುವೆಯ ಮೇಲೆ ವಾಹನಗಳು ಇರುವೆ ಸಾಲಿನಂತೆ ನಿಂತಿವೆ. ಮತ್ತೊಂದು ಫೋನು. ಇಲ್ಲ. ಬಾಗಲೂರಿಗೆ ಹೋಗುವ ಹೊತ್ತಿಗೆ ಹತ್ತೂವರೆ. ಊರಾಚೆ ಹೊಸ ಲೇಔಟಿನ ಕಲ್ಲುಗಳ ನಡುವೆ ಇನ್ನೂ ಎರಡೆಕರೆ ಉಳಿಸಿಕೊಂಡಿರುವ ಮುನಿರಾಮಯ್ಯ ಅಲ್ಲಿ ನಾಲ್ಕು ಸೀಮೆಹಸು ಸಾಕಿದ್ದಾರೆ. ಒಂದರ ಕೆಚ್ಚಲು ಬಾತಿದೆ. ಪಾರವ್ವ ಬಿಸಿನೀರಿನಲ್ಲಿ ತೊಳೆದು, ಕರೆದ ಹಾಲನ್ನು ಕಪ್ಪು ಬಟ್ಟೆಯ ಮೇಲೆ ಹಾಕಿ ಗಂಟು ನೋಡಿ, ಡಾಕ್ಟರಿಗೆ ಫೋಟೋ ಕಳಿಸುತ್ತಾರೆ. ಉತ್ತರಕ್ಕೆ ಕಾಯುತ್ತ ಮತ್ತೆ ಯಶವಂತಪುರಕ್ಕೆ ಕರೆ ಮಾಡುತ್ತಾರೆ.

"ಏನಮ್ಮೋ, ಯಾರು ಏನಾಕ್ಬೇಕು?" ಎಂದು ಮುನಿರಾಮಯ್ಯ ಕೇಳುತ್ತಾರೆ. ವಿಷಯ ತಿಳಿದ ಮೇಲೆ ಅವರಿಗೂ ನಿಂತಲ್ಲಿ ನಿಲ್ಲಲಾಗುವುದಿಲ್ಲ. ತಮ್ಮ ಹಸುವಿನ ಕೆಚ್ಚಲನ್ನು ಮರೆತು, ಹತ್ತು ನಿಮಿಷಕ್ಕೊಮ್ಮೆ "ಆಕ್ತೇನಮ್ಮ ಕುದ್ರೆ? ಇನ್ನೊಂದ್ಸಲ ಕೇಳಮ್ಮ" ಎಂದು ದುಂಬಾಲು ಬೀಳುತ್ತಾರೆ. ಡಾಕ್ಟರು ಫೋನಿನಲ್ಲಿ ಹೇಳಿದ ಮದ್ದು ಹಾಕಿ ಪಾರವ್ವ ಹೊರಡುವಾಗ ಒಂದು ಲೋಟ ಮಜ್ಜಿಗೆ ಕೊಟ್ಟು, ಪತ್ರಿಕೆಯಿಂದ ಜೊತೆಗೆ ಬಂದ ನಮ್ಮತ್ತ ತಿರುಗಿ, "ಈಯಮ್ಮ ಇಲ್ದಿದ್ರೆ ನಾನು ದನ ಕಟ್ಟೋದು ಯಾವತ್ತೋ ಬಿಟ್ಟಿರ್ತಿದ್ದೆ ಸ್ವಾಮಿ. ಇಂಗೆ ಮನೆ ಬಾಗ್ಲಿಗೆ ಬಂದು ನೋಡೋರು ಯಾರವ್ರೆ?" ಎನ್ನುತ್ತಾರೆ. ಪಾರವ್ವ ಅದನ್ನು ಕೇಳಿಸಿಕೊಂಡೂ ಕೇಳಿಸಿಕೊಳ್ಳದವರಂತೆ ವ್ಯಾನಿನ ಹಿಂಬಾಗಿಲು ಮುಚ್ಚುತ್ತಾರೆ.

ಮರಳಿ ಯಶವಂತಪುರ ತಲುಪಿದಾಗ ಹನ್ನೆರಡೂ ಮುಕ್ಕಾಲು. ಓಣಿಗೆ ಓಣಿಯೇ ಲಾಯದ ಮುಂದೆ ನೆರೆದಿದೆ. ಚಹಾದಂಗಡಿಯವನು ಅಂಗಡಿ ಬಿಟ್ಟು ಬಂದಿದ್ದಾನೆ. ಆರು ಗಂಟೆ ನಡೆದು ನಡೆದು ನಸೀಮಾ ಅವರ ಚಪ್ಪಲಿಯ ಬಾರು ಕಿತ್ತಿದೆ, ಬರಿಗಾಲಲ್ಲಿ ನಡೆಸುತ್ತಿದ್ದಾರೆ. ಬಾಡಿಗೆಯ ಲಾರಿಯೊಂದು ತಿರುವಿನಲ್ಲಿ ಆಗಲೇ ಬಂದು ನಿಂತಿದೆ. ಪಾರವ್ವ ಅದನ್ನು ದಾಟಿ ನೇರ ಲಾಯಕ್ಕೆ ನಡೆಯುತ್ತಾರೆ.

ಮತ್ತೆ ಸ್ಟೆತಾಸ್ಕೋಪ್. ಎಡಗಡೆ ಮೇಲೆ. ಪಾರವ್ವನ ಬೆರಳು ಮೇಲೇರುತ್ತದೆ, ನಲವತ್ತು ಜನ ಬಾಯಿ ಮುಚ್ಚುತ್ತಾರೆ. ಎಡಗಡೆ ಕೆಳಗೆ. ಅಲ್ಲಿ ಅವರು ಒಂದು ನಿಮಿಷವಲ್ಲ, ಮೂರು ನಿಮಿಷ ನಿಲ್ಲುತ್ತಾರೆ. ಕಣ್ಣು ತೆರೆದಾಗ ಕಣ್ಣಲ್ಲಿ ನೀರಿದೆ.

"ಶುರು ಆತು" ಎಂದಷ್ಟೇ ಹೇಳುತ್ತಾರೆ.

ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಚಾಂದನಿ ಬಾಲ ಎತ್ತುತ್ತದೆ. ಆಮೇಲಿನದ್ದನ್ನು ಬರೆಯುವುದು ಪತ್ರಿಕೆಯ ಮರ್ಯಾದೆಗೆ ಒಪ್ಪುವುದೋ ಇಲ್ಲವೋ, ಆದರೆ ಆ ಓಣಿಯಲ್ಲಿ ಎದ್ದ ಶಿಳ್ಳೆ, ಚಪ್ಪಾಳೆ ಯಾವ ಮದುಮಗನಿಗೂ ಬಿದ್ದಿರಲಾರದು. ಪಾರವ್ವ ಬಗ್ಗಿ, ಬಿಸಿ ಲದ್ದಿಯನ್ನು ಅಂಗೈಯಲ್ಲಿ ಎತ್ತಿಕೊಂಡು ಒಡೆದು ನೋಡುತ್ತಾರೆ. ಒಳಗೆ ಜಗಿಯದ ಹಳದಿ ಕಡಲೆಬೇಳೆ. ನಸೀಮಾ ಓಡಿ ಬಂದು ಅವರನ್ನು ತಬ್ಬಿಕೊಳ್ಳುತ್ತಾರೆ. ಪಾರವ್ವ ಲದ್ದಿಯ ಕೈಯನ್ನು ದೂರ ಹಿಡಿದು, ಇನ್ನೊಂದು ಕೈಯಿಂದ ಬೆನ್ನು ಸವರುತ್ತಾರೆ. ಲಾರಿಯವನು ಗಾಡಿ ತಿರುಗಿಸಿಕೊಂಡು ಹೋಗುತ್ತಾನೆ.

"ಬೆಳಿಗ್ಗೆ ಇವರು ಬೇಗ ಗುರುತಿಸಿದ್ರು, ಬಾಯಿಗೆ ಏನೂ ಹಾಕಕ್ಕೆ ಬಿಡ್ಲಿಲ್ಲ. ಅದಕ್ಕೇ ಕುದುರೆ ಉಳೀತು" ಎನ್ನುತ್ತಾರೆ ಫೋನಿನಲ್ಲಿ ಸಿಕ್ಕ ಸಂಯುಕ್ತಾ. "ನನ್ನ ಹೆಸರಿನ ಮುಂದೆ ಡಾಕ್ಟರ್ ಅಂತಿದೆ. ಆದ್ರೆ ಎಷ್ಟೋ ಸಲ ಪಾರವ್ವನ ಕಿವಿ ಮೇಲೆ ನಂಬಿಕೆ ಇಟ್ಟು ಹೊರಡ್ತೀನಿ ಕಣ್ರೀ."

ಇದನ್ನು ಹೇಳಿದರೆ ಪಾರವ್ವ ಮುಖ ತಿರುಗಿಸಿ ಕೈ ತೊಳೆಯಲು ಹೋಗುತ್ತಾರೆ. ಕೈ ತೊಳೆಯುತ್ತಲೇ ಹೇಳುತ್ತಾರೆ: "ನನ್ನ ಆಸೆ ಏನು ಅಂತ ಕೇಳಿದ್ರಲ್ಲ? ಸನ್ಮಾನ ಗಿನ್ಮಾನ ಬ್ಯಾಡ್ರಿ. ಲಗ್ನದ ಮರುದಿನ ಒಬ್ಬರಾದ್ರೂ ಫೋನ್ ಮಾಡಿ ‘ನಮ್ಮ ಹುಡುಗನ್ನ ಹೊತ್ತ ಕುದುರಿ ಆರಾಮ ಐತೇನು’ ಅಂತ ಕೇಳಬೇಕು. ಹನ್ನೆರಡು ವರ್ಷದಾಗ ಒಬ್ಬರೂ ಕೇಳಿಲ್ಲ."

ದಿನ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಸಂಜೆ ಸಂಜಯನಗರದ ಕಲ್ಯಾಣ ಮಂಟಪವೊಂದಕ್ಕೆ ನಸೀಮಾ ಅವರ ಇನ್ನೊಂದು ಕುದುರೆ ಹೀರಾ ಹೋಗಬೇಕಿದೆ. ಮೊದಲೇ ಒಪ್ಪಿಕೊಂಡ ಕೆಲಸ. ಚಾಂದನಿಯನ್ನು ಬಿಟ್ಟು ಹೋಗುವಂತಿಲ್ಲ, ದೊಡ್ಡವರ ಮುಂದೆ ಇಲ್ಲ ಎನ್ನುವ ಧೈರ್ಯವೂ ನಸೀಮಾ ಅವರಿಗೆ ಇವತ್ತಿಲ್ಲ. "ಹೀರಾನ ಜೋಡಿ ನಾ ಹೋಗ್ತೀನಿ" ಎನ್ನುತ್ತಾರೆ ಪಾರವ್ವ. ಖಾಕಿ ಅಂಗಿ ಕಳಚಿ, ವ್ಯಾನಿನಲ್ಲಿದ್ದ ಇಳಕಲ್ ಸೀರೆ ಉಡುತ್ತಾರೆ.

ಐದೂವರೆ. ಮಂಟಪದ ಮುಂದೆ ಬ್ಯಾಂಡು ಶುರುವಾಗಿದೆ. ಮದುಮಗನ ಸೋದರತ್ತೆ ಗೋಪಾಲಮ್ಮ ತಟ್ಟೆ ತುಂಬ ನೆನೆಸಿದ ಬೇಳೆ ಹಿಡಿದು ಮುಂದೆ ಬರುತ್ತಾರೆ, ಹಿಂದೆ ಏಳೆಂಟು ಹುಡುಗಿಯರು. ಹೀರಾಳ ಕತ್ತಿನ ಚೀಲ ನೋಡಿ ಗೋಪಾಲಮ್ಮನ ಹುಬ್ಬು ಗಂಟಾಗುತ್ತದೆ. "ಇದೇನಿದು? ಬಾಯಿಗೆ ತಿನ್ಸೋದಲ್ವಾ?"

ಪಾರವ್ವ ಅವರ ತಟ್ಟೆಯಿಂದಲೇ ನಾಲ್ಕು ಕಾಳು ಆಯ್ದು ಅವರ ಅಂಗೈಯಲ್ಲಿಡುತ್ತಾರೆ. "ಇಷ್ಟು ಬಾಯಿಗೆ ಹಾಕ್ರಿ ಅಕ್ಕಾ, ಉಳಿದದ್ದು ಚೀಲಕ್ಕ. ಇವತ್ತು ಬೆಳಿಗ್ಗಿ ಇದರ ಅಕ್ಕ ಇದ ಬ್ಯಾಳಿ ತಿಂದು ಸಾಯೂದಿತ್ತು. ನಿಮ್ಮ ಹುಡುಗ ಏರಿದ ಕುದುರಿ ನೂರು ಲಗ್ನ ನೋಡಬೇಕೋ ಬ್ಯಾಡೋ, ನೀವ ಹೇಳ್ರಿ."

ಗೋಪಾಲಮ್ಮ ಕುದುರೆಯ ಮುಖ ನೋಡುತ್ತಾರೆ, ಪಾರವ್ವನ ಮುಖ ನೋಡುತ್ತಾರೆ. ನಾಲ್ಕು ಕಾಳು ಹೀರಾಳ ತುಟಿಗೆ ತಾಗಿಸಿ, ತಟ್ಟೆಯನ್ನು ಚೀಲಕ್ಕೆ ಬಗ್ಗಿಸುತ್ತಾರೆ. ಹಿಂದಿನ ಹುಡುಗಿಯರೂ ಒಬ್ಬೊಬ್ಬರಾಗಿ ಹಾಗೆಯೇ ಮಾಡುತ್ತಾರೆ. ಕ್ಯಾಮೆರಾ ಮಿಂಚುತ್ತದೆ. ಆಗ ಗೋಪಾಲಮ್ಮನಿಗೆ ಅನುಮಾನ ಬರುತ್ತದೆ. ಇಷ್ಟು ಅಧಿಕಾರದಿಂದ ಮಾತಾಡುವ ಈ ಹೆಂಗಸನ್ನು ನಮ್ಮ ನಂಟರಲ್ಲಿ ಎಲ್ಲೂ ನೋಡಿದ ಹಾಗಿಲ್ಲವಲ್ಲ?

"ಅದಿರ್ಲಿ, ನೀವು ಯಾರ ಕಡೆಯೋರು? ಗಂಡಿನ ಕಡೆನಾ, ಹೆಣ್ಣಿನ ಕಡೆನಾ?"

ಪಾರವ್ವ ಹೀರಾಳ ಕತ್ತಿನ ಮೇಲೆ ಕೈಯಿಟ್ಟು, ನೆಟ್ಟಗೆ ನಿಂತು ಹೇಳುತ್ತಾರೆ:

"ನಾ ಕುದುರಿ ಕಡ್ಯಾಕಿ ರೀ."